ಗಣತಿ ಹಾಳೆಯ ಮೂರನೇ ಸಾಲು

ಇದು ನಮ್ಮ ಪಕ್ಕದ ಮನೆ ನೂಲಾಗೆ ಆಗಿದ್ದು. ಐರ್ಲೆಂಡಿನ ಕ್ಲೇರ್ ಕಡೆ, ತೊಂಬತ್ತೊಂದನೇ ಇಸವಿ, ಜನಗಣತಿ ರಾತ್ರಿ. ಡಬ್ಲಿನ್ನಿನ ಕೊನೇ ಬಸ್ಸು ಅವಳನ್ನ ಕ್ರಾಸಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ಬಾವಿ ಪಕ್ಕದ ದಾರೀಲಿ ಒಬ್ಬಳೇ...

ತಲೆ ಕೆಟ್ಟು ಕೆರ ಹಿಡಿದಿತ್ತು. ಮೂರು ದಿನ ದಾಖಲೆ ಕಚೇರೀಲಿ ಧೂಳು ಕುಡಿದು ಸಿಕ್ಕಿದ್ದೇನು? 1911ರ ಗಣತಿ ಹಾಳೆ. ಅದರಲ್ಲಿ ಮುತ್ತಜ್ಜಿ ಹೆಸರಿನ ಮುಂದೆ, ಹುಟ್ಟಿದ ಮಕ್ಕಳು ಐದು, ಬದುಕಿರೋರು ನಾಲ್ಕು. ನಾಲ್ಕು ಜನರ ಹೆಸರಿದೆ. ಐದನೇದು ಬರೀ ಅಂಕಿ! 1901ರ ಹಾಳೇಲಿ ಅದು ಹುಟ್ಟೇ ಇಲ್ಲ. ಚರ್ಚಿನ ಪುಸ್ತಕದಲ್ಲೂ ಇಲ್ಲ. ಎರಡು ಗಣತಿ ಮಧ್ಯೆ ಬಂದು, ಸತ್ತು, ನುಣುಚ್ಕೊಂಡಿದೆ.

ಅಜ್ಜಿ ಹನೋರಾಗೆ ಎಂಬತ್ತಾರು. ಆ ಐದನೇದು ಅವಳ ತಂಗಿ. ಸಾಯೋ ಮೊದಲು ಅದರ ಹೆಸರನ್ನ ಗೋರಿ ಕಲ್ಲಲ್ಲಿ ಕೆತ್ತಿಸ್ಬೇಕು ಅಂತ ಹಟ. ಮೂರು ವರ್ಷದವಳಿದ್ದಾಗ ನೋಡಿದ್ಲಂತೆ, ಅಪ್ಪ ಸಣ್ಣ ಪೆಟ್ಟಿಗೆ ಕಂಕುಳಲ್ಲಿಟ್ಕೊಂಡು ರಾತ್ರಿ ಬಾವಿ ಕಡೆ ಹೋಗಿದ್ದು. ದೀಕ್ಷಾಸ್ನಾನ ಆಗದೆ ಸತ್ತು, ಚರ್ಚಿನ ನೆಲದಲ್ಲಿ ಜಾಗ ಸಿಗದ ಕೂಸುಗಳನ್ನ ಆಗ ಅಲ್ಲೇ ಹೂಳ್ತಿದ್ರು.

ಬಾವಿ ಹತ್ರ ಬಂದಾಗ ನೂಲಾಗೆ ರೇಗಿಹೋಯ್ತು.

"ಎಲ್ಲಿ ಅಡಗಿದೀಯೇ? ನನ್ ಕೈಲಾಗಲ್ಲ. ಮನೆಗೆ ಬಂದು ನಿನ್ ಹೆಸರು ನೀನೇ ಬರ್ಕೋ!"

ಬುಳಕ್... ಒಳಗೆ ನೀರು.

ಆಮೇಲೆ ಹಿಂದೆ, ಜಲ್ಲಿ ಮೇಲೆ... ಚರಕ್... ಚರಕ್... ಇವಳು ನಿಂತ್ರೆ ಅದೂ ನಿಲ್ತಿತ್ತು. ಕೂಸಿನ ಹೆಜ್ಜೆ ಅಲ್ಲ. ಒಂದು ಕಾಲು ಎಳ್ಕೊಂಡು ಬರೋ ಮುದುಕಿ ಹೆಜ್ಜೆ.

ಓಡಿ ಬಂದು ಮನೆ ಸೇರಿದ್ಲು. ಬೆಂಕಿ ಮುಂದೆ ಅಜ್ಜಿ.

"ಬಾಗಿಲು ಹಾಕೇ... ಅವಳಿಗೆ ಚಳಿ."

"ಯಾರಿಗೆ?"

"ನಿನ್ನ ಹಿಂದೆ ಬಂದವಳಿಗೆ."

"ನಿಂಗೆ ಅರಳುಮರಳು, ಅಜ್ಜಿ!"

ಮೇಜಿನ ಮೇಲೆ ಹೊಸ ಗಣತಿ ಫಾರಂ. ಆ ರಾತ್ರಿ ಆ ಸೂರಿನಡಿ ಇರೋರನ್ನೆಲ್ಲ ಬರೀಬೇಕು, ಅದೇ ನಿಯಮ. ನೂಲಾ ಇಬ್ಬರನ್ನ ಬರೆದು, ಪೆನ್ನು ಬಿಸಾಕಿ, ಮುಸುಕೆಳ್ಕೊಂಡು ಮಲಗಿದ್ಲು. ನಡುರಾತ್ರೀಲಿ ಅಡುಗೆಮನೆಯಿಂದ ಸದ್ದು... ಕಾಗದದ ಮೇಲೆ ಕರ... ಕರ... ಎದ್ದು ನೋಡೋ ಧೈರ್ಯ ಬರ್ಲಿಲ್ಲ.

ಮಾರನೇ ದಿನ ಗಣತಿಯವನು ಫಿಂಟನ್ ಬಂದು ಫಾರಂ ನೋಡಿ ಗೊಣಗಿದ.

"ಏನಮ್ಮಾ ಇದು, ಮೂರನೇ ಸಾಲು ಅರ್ಧಕ್ಕೇ ಬಿಟ್ಟಿದೀಯ?"

ನೂಲಾ ಕಿತ್ಕೊಂಡು ನೋಡಿದ್ಲು. ಮನೆ ಯಜಮಾನಿಗೆ ಏನಾಗ್ಬೇಕು: ತಂಗಿ. ವಯಸ್ಸು: ಎಂಬತ್ಮೂರು. ಹೆಸರು...

ಖಾಲಿ.

"ಥೂ! ಅದೊಂದು ಬರೆಯೋಕೆ ಏನಾಗಿತ್ತು ಇವಳಿಗೆ?"

ಅಜ್ಜಿ ಮೆತ್ತಗೆ ಅಂದ್ಲು, "ಹೆಸರು ಇಟ್ಟಿದ್ರೆ ತಾನೆ ಬರೆಯೋಕೆ..."

ನಗ್ತೀರಾ? ನಗಿ. ಫಿಂಟನ್ ಅದನ್ನ ಹಾಗೇ ತಗೊಂಡು ಹೋದ. ಆ ಹಾಳೆಗಳನ್ನ ನೂರು ವರ್ಷ ಆದ್ಮೇಲೆ ಜನ ನೋಡೋಕೆ ತೆಗೀತಾರೆ. ಅಲ್ಲೀವರೆಗೆ ಬದುಕಿದ್ರೆ ಹೋಗಿ ನೋಡ್ಕೊಳ್ಳಿ. ಮೂರನೇ ಸಾಲು.