ಇಪ್ಪತ್ತೈದನೆಯ ಸ್ಥಾನ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಯಾಗಿ ಬಂದಿರುವ ನನ್ನ ಹಳೆಯ ಶಿಷ್ಯೆ, ಗಾಯಕಿ ದಾಫಿನಾ ಅವರೇ, ಕುಮಾನೊವೊದ ಈ ಸಂಗೀತ ಶಾಲೆಯ ಶಿಕ್ಷಕ ಬಂಧುಗಳೇ, ಮುಂದಿನ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ಪುಟಾಣಿಗಳೇ, ಸಭಿಕರೇ,

"ಬ್ಲಾಗೋಯ ಮೇಷ್ಟ್ರೇ, ದೇಶದೇಶಗಳ ಹಾಡಿನ ಸ್ಪರ್ಧೆ ಅಂದ್ರೇನು ಅಂತ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿ" ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಸುಲಭ, ಮಕ್ಕಳೇ. ಪ್ರತಿ ದೇಶವೂ ಒಂದು ಹಾಡು ಕಳಿಸುತ್ತದೆ. ಮೂರೇ ನಿಮಿಷ. ಅದರಲ್ಲಿ ಎರಡು ನಿಮಿಷ ಹೊಗೆ, ಒಂದು ನಿಮಿಷ ಬೆಂಕಿ. ಉಸಿರು ಉಳಿದರೆ ಹಾಡು. ಆಮೇಲೆ ದೇಶಗಳು ಅಂಕ ಕೊಡುತ್ತವೆ. ತನ್ನ ದೇಶಕ್ಕೆ ತಾನೇ ಕೊಡುವಂತಿಲ್ಲ. ಹಾಗಾದರೆ ಯಾರಿಗೆ ಕೊಡಬೇಕು? ಚೆನ್ನಾಗಿ ಹಾಡಿದವರಿಗೆ ಎಂದಿರಾ? ಅಯ್ಯೋ ಕಂದಮ್ಮಗಳೇ! ಪಕ್ಕದವರಿಗೆ. ವರ್ಷವಿಡೀ ಅವರ ಮೇಲೆ ಹಲ್ಲು ಮಸೆಯುತ್ತೇವೆ, ನಮ್ಮ ಕೆಂಪು ಮೆಣಸಿನ ಐವಾರ್ ಚಟ್ನಿಯನ್ನು ತಮ್ಮದೆನ್ನುತ್ತಾರೆಂದು ಬೈಯುತ್ತೇವೆ. ಆ ಒಂದು ದಿನ ಮಾತ್ರ ಹನ್ನೆರಡಕ್ಕೆ ಹನ್ನೆರಡೂ ಅಂಕ ಸುರಿಯುತ್ತೇವೆ. ಅವರೂ ನಮಗೆ ಸುರಿಯುತ್ತಾರೆ. ಇದಕ್ಕೆ ಕಲಾಭಿರುಚಿ ಎಂದು ಹೆಸರು.

ಹನ್ನೊಂದು ವರ್ಷದ ಹಿಂದೆ ನಮ್ಮ ದೇಶದ ಐವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಮದುವೆಯಾಗಿ ಗಡಿಯಾಚೆ ಹೋಗಿದ್ದ ದಾಫಿನಾ ಆ ವರ್ಷ ಅಲ್ಲಿಯವರ ಪರವಾಗಿ ಹಾಡಿದಳು. ಒಟ್ಟು ಇಪ್ಪತ್ತೈದು ಹಾಡು. ಎಲ್ಲಕ್ಕಿಂತ ಒಳ್ಳೆಯದಕ್ಕೆ ಒಂದು, ಎಲ್ಲಕ್ಕಿಂತ ಕೆಟ್ಟದ್ದಕ್ಕೆ ಇಪ್ಪತ್ತೈದು ಎಂದು ಒಬ್ಬೊಬ್ಬರೂ ಚೀಟಿಯಲ್ಲಿ ಬರೆಯಬೇಕಿತ್ತು; ದೇಶ ಕೊಡುವ ಅಂಕ ಆ ಚೀಟಿಗಳ ಲೆಕ್ಕದ ಮೇಲೆ. ನಮ್ಮ ಶಾಲೆಗಳಲ್ಲೋ, ಐದು ಬಂದವನು ಜಾಣ, ಒಂದು ಬಂದವನು ಫೇಲು. ನಲವತ್ತು ವರ್ಷ ಹಾಗೆ ಅಂಕ ಹಾಕಿದ ಕೈ ದಾಫಿನಾ ಹೆಸರಿನ ಮುಂದೆ ಇಪ್ಪತ್ತೈದು ಎಂದು ಬರೆಯಿತು. ಅವಳಿಗೆ ಮೊದಲ ಸ್ಥಾನ ಒಂದೇ ಅಂಕದಲ್ಲಿ ತಪ್ಪಿತು.

ಮೇಷ್ಟ್ರು ಎಡವಿದರು ಎಂದು ಪತ್ರಿಕೆಗಳು ನಕ್ಕವು. ಈಗಷ್ಟೇ ದಾಫಿನಾ ಇದೇ ಮೈಕಿನಲ್ಲಿ, "ನಮ್ಮ ಮೇಷ್ಟ್ರು ಪಾಪ, ಅಭ್ಯಾಸಬಲ. ನಾನು ಆವತ್ತೇ ಮರೆತುಬಿಟ್ಟೆ" ಎಂದಳು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ದಡ್ಡನೆನಿಸಿಕೊಳ್ಳುವುದರಲ್ಲಿ ಎಷ್ಟು ಸುಖವಿದೆ ನಿಮಗೇನು ಗೊತ್ತು?

ನಿನ್ನೆ ಈ ಭಾಷಣವನ್ನು ಮೊಮ್ಮಗಳು ಇಸ್ಕ್ರಾ ಮುಂದೆ ಒಪ್ಪಿಸಿ ನೋಡಿದೆ. ಅವಳಿಗೆ ಏಳು ವರ್ಷ.

"ಅಜ್ಜಾ, ಒಂದು ಅಂತ ಯಾರಿಗೆ ಬರ್ದೆ?"

"ಮಾಲ್ಟಾದ ಮುದುಕನಿಗೆ. ಏನ್ ಹಾಡ್ದ ಅಂತೀಯಾ, ಪುಟ್ಟೀ!"

"ಅವ್ನಿಗೆ ಸರಿಯಾಗೇ ಬರ್ದಿದ್ಯಲ್ಲ. ಮತ್ತೆ ಇವ್ಳೊಬ್ಳಿಗೇ ಹೆಂಗೆ ತಲೆಕೆಳಗಾಯ್ತು?"

ನಗಬೇಡಿ. ಐವತ್ತು ಪತ್ರಕರ್ತರಿಗೆ ಹೊಳೆಯದ ಪ್ರಶ್ನೆ ಅದು. ನಾನು ಒಲೆಗೆ ಕಟ್ಟಿಗೆ ತರುವ ನೆಪದಲ್ಲಿ ಎದ್ದು ಹೋದೆ.

ಸ್ಪರ್ಧೆಗೆ ಮುಂಚೆ ದಾಫಿನಾ ಗಡಿಯಾಚೆಯ ಟಿವಿಯಲ್ಲಿ, "ನಂಗೆ ಗುರು ಅಂತ ಸಿಕ್ಕಿದ್ದು ಇಲ್ಲಿಗೆ ಬಂದ್ಮೇಲೇನೇ" ಅಂದಿದ್ದಳು. ಎಂಟು ಚಳಿಗಾಲ ನಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು ಅವಳಿಗೆ ಸ್ವರ ಕಲಿಸಿದವನು ನಾನು. ಹೊಟ್ಟೆ ಉರಿಯಿತು. ನಿಯಮ ಚೀಟಿಯ ಮೇಲೆ ದಪ್ಪಕ್ಷರದಲ್ಲಿತ್ತು, ಓದಿಯೇ ಬರೆದೆ.

ದಾಫಿನಾ, ತಾಯಿ, ಆವತ್ತು ಎಲ್ಲರಿಗಿಂತ ಚೆನ್ನಾಗಿ ಹಾಡಿದವಳು ನೀನೇ. ನೀನು ಇಷ್ಟು ವರ್ಷ ಕ್ಷಮಿಸುತ್ತ ಬಂದದ್ದು ಒಬ್ಬ ಮರೆಗುಳಿ ಮೇಷ್ಟ್ರನ್ನು. ನಾನು ಅವನಲ್ಲ.

ಅಧ್ಯಕ್ಷರೇ, ಇನ್ನು ನನಗೆ ದಾಫಿನಾ ಕೈಯಿಂದ ಸನ್ಮಾನ ಎಂದು ನಿಮ್ಮ ಪಟ್ಟಿಯಲ್ಲಿದೆ. ಅವಳು ಕುರ್ಚಿ ಬಿಟ್ಟು ಏಳದಿದ್ದರೆ ದಯವಿಟ್ಟು ಯಾರೂ ಒತ್ತಾಯ ಮಾಡಬೇಡಿ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ನಾನು ಕೃತಜ್ಞ. ನಮಸ್ಕಾರ.