ಎಳೆ ಕಡಿಯದೆ ನಿಂತ ಮಗ್ಗ

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಮಗ್ಗದ ಹೆಂಗಸರು, ಕೊರಳಲ್ಲಿ ಶಿಲುಬೆ. ನಾನು ಪೇಪರಿನ ಮರೆಯಲ್ಲಿದ್ದೆ.

"ಎಂಬತ್ತೊಂದನೇ ಇಸವಿಯಿಂದ ಮಾತು ಬಿಟ್ಟ ಅಣ್ಣನ್ನ ಹತ್ತು ವರ್ಷ ಆದ್ಮೇಲೆ ನೋಡೋಕೆ ಹೊರಟಿದ್ದೀಯಲ್ಲೇ ಜಸಿಂತಾ, ಯೇಸುಸ್ವಾಮಿ ಕಿವೀಲಿ ಹೇಳಿದ್ನಾ?"

"ಇಲ್ಲ ಅಂತೋಣಕ್ಕ. ಎಳೆ ಕಡಿದ್ರೆ ಕಣ್ಣಿಗೆ ಕಾಣೋ ಮೊದಲೇ ನಮ್ಮ ಕೈಯೇ ಮಗ್ಗಾನ ನಿಲ್ಲಿಸುತ್ತಲ್ಲ? ಬೆಳಿಗ್ಗೆ ಹಾಗೇ ನಿಲ್ಲಿಸ್ತು. ನೋಡಿದ್ರೆ ಒಂದೆಳೇನೂ ಕಡಿದಿರಲಿಲ್ಲ. ಅಣ್ಣನ ಮುಖ ಕಣ್ಮುಂದೆ ಬಂತು."

"ಕೈ ಸೋತಿರಬೇಕು."

"ಇಪ್ಪತ್ತು ವರ್ಷದಿಂದ ತಪ್ಪದ ಕೈ ಅಕ್ಕ ಇದು."

"ಅವನು ಬಾಗಿಲು ಹಾಕ್ಕೊಂಡ್ರೆ?"

"ಅದೇ ಭಯ. ಒಬ್ಬಳೇ ಬೇರೆ."

"ಒಬ್ಬಳೇ ಹೆಂಗಾಗ್ತೀಯ? ಸ್ವಾಮಿ ಜೊತೇಲಿ ಬರ್ತಾನಲ್ಲ."

ದೇವನಹಳ್ಳಿ ಬಸ್ಸು ಬಂತು. ಜಸಿಂತಾ ಮೆಟ್ಟಿಲ ಮುಂದೆ ನಿಂತೇಬಿಟ್ಟಳು. ಬರೀ ಕಳಿಸಿಕೊಡಲು ಬಂದಿದ್ದ ಅಂತೋಣಮ್ಮ ನಿಟ್ಟುಸಿರಿಟ್ಟಳು.

"ಬಸ್ ಹತ್ತೇ, ಇವತ್ತು ನನ್ನ ಮಗ್ಗಾನೂ ನಿಲ್ಲಲಿ" ಎಂದು ಗದರಿಸಿ, ಅವಳ ಹಿಂದೆಯೇ ಹತ್ತಿದಳು.