ಮೂರನೆಯ ದಿನ ಅಳೆದ ಉಬ್ಬು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರಾದ ಹಿರಿಯ ವೈದ್ಯರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಸಿಸ್ಟರ್ ಅವರೇ, ಊಟದ ಹೊತ್ತು ಮೀರಿದರೂ ಏಳದೆ ಕೂತಿರುವ ಸಭಿಕರೇ,

ನಾನು ದರ್ಜಿ. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ನಲವತ್ತು ವರ್ಷ ಜನರ ಅಳತೆ ತೆಗೆದಿದ್ದೇನೆ. ಆದರೆ ಈ ಸಿಸ್ಟರ್ ತೆಗೆದಷ್ಟು ಕಟ್ಟುನಿಟ್ಟಾದ ಅಳತೆ ನನ್ನ ಕೈಯಿಂದ ಒಮ್ಮೆಯೂ ಆಗಿಲ್ಲ. ನನ್ನ ಗಿರಾಕಿಗಳು ಯಾರಾದರೂ ಇಲ್ಲಿದ್ದರೆ ಅವರಿಗೆ ಇದು ಮೊದಲೇ ಗೊತ್ತು.

ಒಂಬತ್ತು ವರ್ಷದ ಹಿಂದೆ ನನ್ನ ಮೊಮ್ಮಗಳಿಗೆ ಆರು ವರ್ಷ. ಕೀಲುವಾತ. ಮಕ್ಕಳಿಗೂ ಕೀಲುವಾತ ಬರುತ್ತದೆಯೇ? ನಾನೂ ಹಾಗೇ ಕೇಳಿದ್ದೆ. ಬೆಳಿಗ್ಗೆ ಎದ್ದರೆ ಮಂಡಿ ಮಡಚಲು ಬಾರದು, ಚಮಚ ಹಿಡಿಯಲು ಬಾರದು. ಬಚ್ಚಲಿಗೂ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ಮಾತ್ರೆ ಸಾಲದಾಗಿ ಡಾಕ್ಟರು ಹೊಸ ಇಂಜೆಕ್ಷನ್ ಬರೆದರು. ಅವತ್ತೇ ಕೊಡುತ್ತಾರೆಂದು ಓಡಿ ಬಂದರೆ ಈ ಸಿಸ್ಟರ್ ತಡೆದರು.

"ಈ ಮದ್ದು ಮೈಯ ಕಾವಲನ್ನ ಸ್ವಲ್ಪ ತಗ್ಗಿಸುತ್ತೆ. ಒಳಗೆ ಕ್ಷಯದ ಕ್ರಿಮಿ ಮಲಗಿದ್ರೆ ಎದ್ದುಬಿಡುತ್ತೆ. ಮೊದಲು ಪರೀಕ್ಷೆ ಮಾಡೋಣ," ಎಂದರು. ಮುಂಗೈಯ ಚರ್ಮದೊಳಕ್ಕೆ ಒಂದು ಹನಿ ಚುಚ್ಚಿ, ಮೂರನೆಯ ದಿನ ಬರಲು ಹೇಳಿದರು.

ನಾನು ರೇಗಿದೆ. "ಮಗು ನೋವು ತಿಂತಿದೆ, ನಿಮಗೆ ನಿಯಮವೇ ಹೆಚ್ಚಾಯ್ತಾ?" ಅವರು ದನಿ ಎತ್ತಲಿಲ್ಲ. ಮೂರನೆಯ ದಿನ ಸಣ್ಣ ಸ್ಕೇಲ್ ಹಿಡಿದು, ಚುಚ್ಚಿದ ಕಡೆ ಎದ್ದಿದ್ದ ಉಬ್ಬನ್ನು ಎರಡೆರಡು ಸಲ ಅಳೆದರು. ಹನ್ನೆರಡು ಮಿಲಿಮೀಟರ್, ಇರಬೇಕಾದ್ದಕ್ಕಿಂತ ಹೆಚ್ಚು. ಎಕ್ಸ್‌ರೇಯಲ್ಲಿ ಎದೆ ಚೆನ್ನಾಗಿಯೇ ಇತ್ತು. ಅಂದರೆ ಕ್ರಿಮಿ ಒಳಹೊಕ್ಕಿದೆ, ಇನ್ನೂ ಎದ್ದಿಲ್ಲ.

"ಮನೇಲಿ ಯಾರಿಗಾದ್ರೂ ಕೆಮ್ಮಿದೆಯಾ?"

"ಅಪ್ಪನಿಗೆ ಸ್ವಲ್ಪ. ಬಟ್ಟೆ ಧೂಳಿಂದು," ಎಂದ ಜೊತೆಗೆ ಬಂದಿದ್ದ ನನ್ನ ಮಗ.

ನಾನು ಮೆಲ್ಲಗೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಸಿಸ್ಟರ್ ಬಂದು ಪಕ್ಕದಲ್ಲೇ ಕೂತರು.

"ಧೂಳು ಅಂತ ಯಾರು ಹೇಳಿದ್ದು?"

"ನಾನೇ."

ಆಮೇಲೆ ನಾನೇ ಬಾಯಿಬಿಟ್ಟೆ. "ಈ ಕಾಯಿಲೆ ಅಂತ ಗೊತ್ತಾದ್ರೆ ಅಂಗಡಿಗೆ ಯಾರಮ್ಮ ಬರ್ತಾರೆ?"

"ನನ್ನ ಯೂನಿಫಾರ್ಮ್ ಹೊಲಿಸೋದಿದೆ. ವಾಸಿಯಾಗಲಿ, ಮೊದಲು ನಾನೇ ಬರ್ತೀನಿ."

ಕಫದ ಪರೀಕ್ಷೆಯಲ್ಲಿ ನನಗೆ ಕ್ಷಯವೆಂದು ತಿಳಿಯಿತು. ನಾನೇ ಮಗುವಿಗೆ ಅಂಟಿಸಿದೆ ಎಂದು ಅತ್ತಾಗ ಅವರು, "ನೀವು ಬೇಕಂತ ಕೊಟ್ಟಿದ್ದಲ್ಲ. ಸಮಯಕ್ಕೆ ಸಿಕ್ಕಿತು, ಅಷ್ಟು ನೋಡಿ," ಎಂದರು. ಮೊಮ್ಮಗಳು ಒಂದು ತಿಂಗಳು ಕ್ಷಯ ಏಳದಂತೆ ತಡೆಮಾತ್ರೆ ನುಂಗಿದ ಮೇಲೆಯೇ ಇಂಜೆಕ್ಷನ್ ಶುರು. ನನಗೂ ಮದ್ದು ಶುರುವಾಯಿತು; ಅಂಟದಿರಲೆಂದು ಮೊದಮೊದಲು ನಾನು ಬೇರೆ ಕೋಣೆಯಲ್ಲಿದ್ದೆ. ಬೆಳಿಗ್ಗೆ ಅವಳು "ತಾತ, ಎತ್ಕೋ" ಎಂದು ಕೂಗುತ್ತಿದ್ದಳು. ಬಾಗಿಲ ಈಚೆ ಕೂತು ಕೇಳಿಸಿಕೊಳ್ಳುವುದಷ್ಟೇ ನನ್ನ ಪಾಲಿಗೆ ಬಂದದ್ದು.

ಸಿಸ್ಟರ್ ಮಾತು ಉಳಿಸಿಕೊಂಡರು. ಎರಡು ಯೂನಿಫಾರ್ಮ್ ಹೊಲಿಸಿದರು. ಒಂದರ ತೋಳು ಗಿಡ್ಡವಾಗಿತ್ತು, ಆದರೂ ಹಾಕಿಕೊಂಡರು. ಮೊಮ್ಮಗಳು ಈಗ ಶಾಲೆಗೆ ಸೈಕಲ್ ತುಳಿಯುತ್ತಾಳೆ.

ಇನ್ನೊಂದು ಮಾತು. ಬರೆದುಕೊಂಡು ಬಂದ ಚೀಟಿಯಲ್ಲಿ ಇದಿಲ್ಲ. ಆ ಬೆಂಚಿನ ಮೇಲೆ ನಾನು ಇನ್ನೂ ಒಂದು ವಿಷಯ ಹೇಳಿದ್ದೆ. ಅದಕ್ಕೂ ನಾಲ್ಕು ತಿಂಗಳ ಮೊದಲೇ ಕಫದಲ್ಲಿ ರಕ್ತ ಕಂಡಿತ್ತು. ಕಂಡೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಸಿಸ್ಟರ್ ನನ್ನಿಂದಲೇ ಅದನ್ನು ಡಾಕ್ಟರಿಗೆ ಹೇಳಿಸಿದರು, ಮನೆಯವರಿಗೆ ನಾನೇ ಹೇಳಲಿ ಎಂದು ಬಿಟ್ಟರು. ಒಂಬತ್ತು ವರ್ಷ ನಾನು ಹೇಳಲಿಲ್ಲ. ಅವರೂ ತುಟಿ ಬಿಚ್ಚಲಿಲ್ಲ. ಎರಡನೇ ಸಾಲಿನಲ್ಲಿ ನನ್ನ ಮಗ, ಸೊಸೆ ಕೂತಿದ್ದಾರೆ. ಈಗ ಕೇಳಿಸಿಕೊಂಡರು.

ಸಿಸ್ಟರ್, ನೀವಿನ್ನು ಹಗುರಾಗಿ ಮನೆಗೆ ಹೋಗಿ. ನಿಮ್ಮ ಋಣ ದೊಡ್ಡದು. ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.